ಡಚ್ಚರ ಹಡಗಿನ ಮೇಲಿನ ಕಲ್ಲು

ಆಂಡ್ರೀನಾಳ ಕಥೆ ಹೇಳಬೇಕಾದರೆ ಮರದಿಂದ ಶುರುಮಾಡಬೇಕು. ಬಡಗಣ ಕಡಲಿನ ಶೆಟ್‌ಲ್ಯಾಂಡಿನ ನಮ್ಮ ಈ ಪುಟ್ಟ ದ್ವೀಪದಲ್ಲಿ ಇಪ್ಪತ್ತಮೂರು ಮನೆಗಳಿವೆ, ಮರ ಒಂದೂ ಇಲ್ಲ. ಕಡಲು ತಂದು ಎಸೆದ ಹಲಗೆ, ತೊಲೆಗಳೇ ನಮಗೆ ಮರ. ಕಂಡವನು ಅದನ್ನು ಭರತದ ನೀರು ಮುಟ್ಟದಷ್ಟು ಮೇಲಕ್ಕೆಳೆದು ಅದರ ಮೇಲೊಂದು ಕಲ್ಲು ಇಟ್ಟರೆ ಮುಗಿಯಿತು, ಅದು ಅವನದು. ಹತ್ತು ವರ್ಷ ಬಿದ್ದು ಕೊಳೆತರೂ ಬೇರೆಯವರು ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಹೆಂಡತಿಯನ್ನು ಬಿಟ್ಟವರಿದ್ದಾರೆ, ದೇವರನ್ನು ಬಿಟ್ಟವರೂ ಇದ್ದಾರೆ. ಇನ್ನೊಬ್ಬರ ಕಲ್ಲು ಎತ್ತಿದವರು ಮಾತ್ರ ನನಗೆ ತಿಳಿದಂತೆ ಯಾರೂ ಇಲ್ಲ.

ಆಂಡ್ರೀನಾ ಶಾಲೆಯ ಅಡುಗೆಯವಳು. ಚಳಿಗಾಲವಿಡೀ ಹನ್ನೊಂದು ಮಕ್ಕಳಿಗೆ ಉಪ್ಪು ಹಾಕಿ ಒಣಗಿಸಿದ ಕುರಿಮಾಂಸದ ಸಾರು ಕಾಯಿಸುತ್ತಾಳೆ. ಬೇಸಿಗೆ ಬಂತೆಂದರೆ ರಬ್ಬರಿನ ಉಡುಪು ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಮೈ ಬೆಚ್ಚಗಿರಲೆಂದು ಫ್ಲಾಸ್ಕಿನ ಬಿಸಿನೀರನ್ನು ಕುತ್ತಿಗೆಯಿಂದ ಒಳಕ್ಕೆ ಸುರಿದುಕೊಂಡು, ಕಡಲಿಗೆ ಇಳಿಯುತ್ತಾಳೆ. ದ್ವೀಪದ ಪಡುವಣ ಬದಿಯ ಬಂಡೆಸಂದಿನಲ್ಲಿ ಮುನ್ನೂರು ವರ್ಷಗಳ ಹಿಂದೆ ಒಡೆದ ಡಚ್ಚರ ಹಡಗೊಂದು ಬಿದ್ದಿದೆ. ಆಳ ಬರೀ ಮೂವತ್ತು ಅಡಿ. ಆದರೆ ನೀರು ಜುಲೈ ತಿಂಗಳಲ್ಲೂ ಹಲ್ಲು ಕಟಕಟಿಸುವಷ್ಟು ತಣ್ಣಗಿರುತ್ತದೆ. ಅಲ್ಲಿಂದ ಏನನ್ನೂ ಮೇಲೆ ತರಬಾರದೆಂದು ಸರ್ಕಾರದ ಕಟ್ಟಪ್ಪಣೆ. ತರುವ ಆಸೆ ಅವಳಿಗೂ ಇಲ್ಲ. ಅಳತೆ ಪಟ್ಟಿ ಹಿಡಿದು ಒಂದೊಂದೇ ಗಜ ಅಳೆಯುತ್ತಾಳೆ, ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡು ಬಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ದೊಡ್ಡ ನಕ್ಷೆಗೆ ಇಳಿಸುತ್ತಾಳೆ. ಹೀಗೇ ಮೂವತ್ತನಾಲ್ಕು ಬೇಸಿಗೆ ಕಳೆದಿದೆ. ದೋಣಿ ನನ್ನದು. ಅವಳು ಕೆಳಗಿರುವಷ್ಟು ಹೊತ್ತೂ ನೀರಗುಳ್ಳೆ ನೋಡುತ್ತ ಕೂರುವುದು ನನ್ನ ಕೆಲಸ. ನನ್ನ ಹೆಸರು ರಾಸ್ಮಿ.

ಈ ವರ್ಷ ಡಾಕ್ಟರು ಅವಳ ಎದೆಬಡಿತ ಕೇಳಿ, ಜುಲೈ ಮುಗಿದ ಮೇಲೆ ಇನ್ನು ನೀರಿಗೆ ಇಳಿಯಕೂಡದು ಎಂದು ಬರೆದುಕೊಟ್ಟರು. ಅವಳಿಗೆ ಅರವತ್ತೊಂದು. ಅತ್ತಳೇ? ಇಲ್ಲ. ನಕ್ಷೆ ಮುಗಿಸುತ್ತೇನೆ ಎಂದಳು ಅಷ್ಟೇ. ಅವಳ ಜೊತೆ ಮುಳುಗಲು ಪಟ್ಟಣದ ಮ್ಯೂಸಿಯಂನಿಂದ ಮೊರಾಗ್ ಎಂಬ ಹುಡುಗಿ ಬಂದಳು. ಮೊದಲ ದಿನವೇ ಮೇಜಿನ ಮೇಲೆ ಬಗ್ಗಿ ನಕ್ಷೆಯ ನಟ್ಟನಡುವೆ ಬೆರಳಿಟ್ಟಳು.

"ಈ ಬಿಳಿ ಜಾಗ ಏನು?"

"ಅಲ್ಲೊಂದು ಕಲ್ಲಿದೆ," ಎಂದಳು ಆಂಡ್ರೀನಾ.

"ಕಲ್ಲಿನ ಕೆಳಗೆ?"

"ಗೊತ್ತಿಲ್ಲ. ಯಾರೋ ಇಟ್ಟ ಕಲ್ಲು. ಹಡಗಿನ ಹಲಗೆ ಮೇಲೆ ಚಪ್ಪಟೆಯಾಗಿ ಕೂತಿದೆ, ತಾನಾಗೇ ಬಿದ್ದಿದ್ದಲ್ಲ."

ಮೊರಾಗ್ ನಕ್ಕಳು. "ಅದು ನೀರಿನ ಕೆಳಗಿದೆ ಆಂಡ್ರೀನಾ. ನಾಳೆ ನಾನೇ ಎತ್ತಿ ನೋಡ್ತೀನಿ ಬಿಡಿ."

ಆಂಡ್ರೀನಾ ರೊಟ್ಟಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. "ಎತ್ತಿ ನೋಡು. ಆಮೇಲೆ ಈ ಊರಲ್ಲಿ ನಿನಗೆ ಒಂದು ಲೋಟ ಟೀ ಕೊಡೋರೂ ಇರಲ್ಲ. ಇಟ್ಟವರು ಯಾರು ಅಂತ ಮೊದಲು ಕೇಳ್ಬೇಕು, ಅವರು ಹೂಂ ಅನ್ಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ಲೇ ಕೂತಿದ್ದ ನನ್ನ ಕೈ ಸೀದಾ ಎಡಗಿವಿಯಲ್ಲಿ ತುರುಕಿಕೊಂಡಿದ್ದ ಹತ್ತಿಗೆ ಹೋಯಿತು.

ಕಲ್ಲು ಇಟ್ಟವನು ನಾನೇ. ೧೯೭೯ರಲ್ಲಿ, ಅಳೆಯಲು ಶುರುಮಾಡಿದ ಮೊದಲ ಬೇಸಿಗೆಯಲ್ಲಿ, ಆಂಡ್ರೀನಾ ಮತ್ತು ನಾನು ಜೊತೆಯಾಗಿ ಇಳಿದಿದ್ದೆವು. ಹಡಗಿನ ಹಲಗೆಯೊಂದರ ಮೇಲಿನ ಮರಳಿನಿಂದ ಗೇಣುದ್ದದ ಮರದ ಹಿಡಿಯೊಂದು ಹೊರಗೆ ಚಾಚಿತ್ತು. ನಾಳೆ ಬಂದು ನೋಡೋಣವೆಂದು ಅಲ್ಲೇ ಬಿದ್ದಿದ್ದ ಚಪ್ಪಡಿಯೊಂದನ್ನು ಅದರ ಮೇಲೆ ಎಳೆದು ಇಟ್ಟೆ. ಅಷ್ಟರಲ್ಲಿ ದೊಡ್ಡ ಅಲೆಯೊಂದು ಮೇಲೆ ಹಾದುಹೋಯಿತು, ಆಳೆತ್ತರದ ಕಡಲಪಾಚಿ ನನ್ನ ತಲೆಯ ಮೇಲೆ ಮುಚ್ಚಿಕೊಂಡಿತು. ಕತ್ತಲೆ. ಮೇಲು ಯಾವುದು, ಕೆಳಗು ಯಾವುದು ತಿಳಿಯಲಿಲ್ಲ. ಹೆದರಿಬಿಟ್ಟೆ. ಜೊತೆಗಾರ್ತಿಯನ್ನು ಅಲ್ಲೇ ಬಿಟ್ಟು ಪಾಚಿ ಹರಿದುಕೊಂಡು ಮೇಲಕ್ಕೆ ಓಡಿಬಂದೆ. ಅವಳು ಗಾಳಿ ತೀರುವವರೆಗೂ ನನ್ನನ್ನು ಕೆಳಗೆ ಹುಡುಕಿದಳು. ನೀಲಿಗಟ್ಟಿದ ತುಟಿಯಲ್ಲಿ ಮೇಲೆ ಬಂದವಳಿಗೆ, ಎಡಗಿವಿಯ ತಮಟೆ ಒಡೆಯಿತು ಎಂದೆ. ಒಂದು ಸುಳ್ಳಿಗೆ ಮೂವತ್ತನಾಲ್ಕು ವರ್ಷ ಹತ್ತಿ ತುರುಕಿಕೊಂಡು ತಿರುಗಿದ ಮೂರ್ಖ ನಾನು. ಮತ್ತೆಂದೂ ಇಳಿಯಲಿಲ್ಲ. ಕಲ್ಲು ನನ್ನದೆಂದರೆ, ಮತ್ತೆ ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ಇಟ್ಟವರೇ ಒಂದು ದಿನ ಬಂದು ತೆಗೆಯುತ್ತಾರೆ ಎಂದು ಇಷ್ಟು ವರ್ಷ ಕಾದಿದ್ದ ಆಂಡ್ರೀನಾ ಆ ವಾರ ಮನೆಮನೆ ತಿರುಗಿದಳು. ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದಳು. ಸತ್ತವರ ಕಲ್ಲಾಗಿದ್ದರೆ ಎಂದು ಅವರ ಮಕ್ಕಳನ್ನೂ ಕೇಳಿದಳು. ಎಲ್ಲರದೂ ಒಂದೇ ಉತ್ತರ, ನಮ್ಮದಲ್ಲ. ಎರಡು ದಿನ ಗಾಳಿ ಎದ್ದು ದೋಣಿ ಇಳಿಸಲಾಗಲಿಲ್ಲ. ನನ್ನ ಮನೆಯ ಮುಂದೆ ಹಾದುಹೋದರೂ ಅವಳು ನನ್ನನ್ನು ಕೇಳಲಿಲ್ಲ. ಇವನದಾಗಿದ್ದರೆ ಎಂದೋ ಹೇಳುತ್ತಿದ್ದ ಎಂದುಕೊಂಡಿರಬೇಕು.

ಜುಲೈ ಮೂವತ್ತೊಂದರ ಬೆಳಿಗ್ಗೆ ಕಡಲು ಸುಮ್ಮನಾಗಿತ್ತು. ಬಂಡೆಸಂದಿನಲ್ಲಿ ಲಂಗರು ಬಿಟ್ಟೆ. ಆಂಡ್ರೀನಾ ಬಿಸಿನೀರು ಸುರಿದುಕೊಂಡು ದೋಣಿಯ ಅಂಚಿನಲ್ಲಿ ಕೂತಳು.

"ಕಲ್ಲು ಬಿಟ್ಟು ಸುತ್ತಲಿನದನ್ನ ಇನ್ನೊಂದು ಸಲ ಅಳೆದು ಮುಗಿಸ್ತೀನಿ," ಎಂದಳು ಮೊರಾಗ್‌ಗೆ. "ಬಿಳಿ ಜಾಗ ಬಿಳಿಯಾಗೇ ಇರ್ಲಿ. ಹಣೇಲಿ ಬರೆದಿರೋದು ಅಷ್ಟೇ."

ಅವಳ ದನಿ ಸ್ವಲ್ಪ ಒಡೆಯಿತು. ನನ್ನಿಂದ ತಡೆಯಲಾಗಲಿಲ್ಲ.

"ಆಂಡ್ರೀನಾ, ಆ ಕಲ್ಲು ನಂದು."

ಅವಳು ಮುಳುಗುವಾಗಿನ ಗಾಜಿನ ಮುಖವಾಡವನ್ನು ಹಣೆಗೆ ಏರಿಸಿದಳು. "ಏನಂದೆ?"

"ನಂದು ಕಣೇ. ಮೊದಲನೇ ವರ್ಷ ಇಟ್ಟೆ. ಕಿವಿ ಒಡೆದಿರಲಿಲ್ಲ. ಹೆದರಿ ಓಡಿ ಬಂದೆ, ನಿನ್ನ ಕೆಳಗೆ ಬಿಟ್ಟು."

ಮೊರಾಗ್ ನೀರಿನ ಕಡೆ ಮುಖ ತಿರುಗಿಸಿದಳು.

"ಕಿವಿ ಸುಳ್ಳು ಅಂತ ಗೊತ್ತಿತ್ತು ಬಿಡು," ಎಂದಳು ಆಂಡ್ರೀನಾ. "ಹತ್ತಿ ಒಂದೊಂದು ದಿನ ಬಲಗಿವೀಲಿ ಇರ್ತಿತ್ತು. ಊರಿಗೆಲ್ಲ ಗೊತ್ತು. ಪಾಪ ಅಂತ ಸುಮ್ಮನಿದ್ವಿ."

"ಕಲ್ಲು?"

"ಕಲ್ಲು ಗೊತ್ತಿರಲಿಲ್ಲ." ಈಗ ಸಿಟ್ಟು ಬಂತು ಅವಳಿಗೆ. "ಮೂವತ್ತನಾಲ್ಕು ವರ್ಷ ಅದನ್ನ ಸುತ್ತು ಹಾಕಿದೀನಲ್ಲೋ ಪಾಪಿ. ತಲೆ ಮೇಲೆ ದೋಣೀಲಿ ಕೂತು ಬಿಸ್ಕತ್ತು ತಿಂತಿದ್ದೆ ನೀನು. ಒಂದು ಮಾತು ಹೇಳೋಕೆ ನಿನಗೆ ಏನು ರೋಗ?"

"ನಾಚಿಕೆ."

"ನಾಚಿಕೆಯಂತೆ," ಎಂದು ಅವಳು ಮುಖವಾಡ ಇಳಿಸಿಕೊಂಡಳು. ಮತ್ತೆ ಎತ್ತಿದಳು. "ಈಗ ಬಾಯಿಬಿಟ್ಟು ಹೇಳು. ಎತ್ತಲೋ ಬೇಡವೋ?"

"ಎತ್ತು."

ಇಬ್ಬರೂ ಇಳಿದರು. ನಾನು ನೀರಗುಳ್ಳೆ ನೋಡುತ್ತ ಕೂತೆ. ನಲವತ್ತು ನಿಮಿಷ ಅವು ಒಂದೇ ಜಾಗದಲ್ಲಿ ಏಳುತ್ತಿದ್ದವು. ಹತ್ತಿರದಲ್ಲಿ ಸೀಲ್ ಪ್ರಾಣಿಯೊಂದು ತಲೆಯೆತ್ತಿ ನನ್ನನ್ನು ನೋಡಿ ಹೋಯಿತು.

ಮೊದಲು ಮೇಲೆ ಬಂದವಳು ಆಂಡ್ರೀನಾ. ದೋಣಿಯೊಳಗೆ ಹೊರಳಿ ಬಿದ್ದು, ಉಸಿರು ಸುಧಾರಿಸಿಕೊಂಡು, ಪ್ಲಾಸ್ಟಿಕ್ ಹಲಗೆಯನ್ನು ನನ್ನ ಮಡಿಲಿಗೆ ಹಾಕಿದಳು. ಅದರಲ್ಲಿ ಒಂದು ಸೌಟಿನ ಚಿತ್ರ ಇತ್ತು. ಮರದ್ದು, ಮೊಳದುದ್ದ, ಹಿಡಿಯ ತುದಿಯಲ್ಲಿ ಪುಟ್ಟ ಹಕ್ಕಿಯ ತಲೆ ಕೆತ್ತಿದ್ದು. ಬಟ್ಟಲಿನ ಒಂದು ಬದಿ ಸವೆದಿದ್ದನ್ನೂ ಅವಳು ಬರೆದುಕೊಂಡಿದ್ದಳು.

"ಅಡುಗೆಯವನದು," ಎಂದಳು. "ಎಡಗೈಯವನು. ಪಾತ್ರೆ ಕೆರೆದು ಕೆರೆದು ಈ ಬದಿ ಸವೆದಿದೆ, ನೋಡು. ನನ್ನದು ಆ ಬದಿ ಸವೆಯುತ್ತೆ."

ಇಷ್ಟು ವರ್ಷ ಅಳೆದದ್ದರಲ್ಲಿ ಅವಳ ಕಸುಬಿನ ವಸ್ತು ಇದೊಂದೇ. ಅವಳು ಅಳುತ್ತಿದ್ದಳು, ಮುಚ್ಚಿಡಲೂ ಇಲ್ಲ. ಆಮೇಲೆ ಮೂಗು ಒರೆಸಿಕೊಂಡು ಹಲಗೆಯನ್ನು ವಾಪಸ್ ತೆಗೆದುಕೊಂಡಳು. ಪ್ರತಿ ಚಿತ್ರದ ಕೆಳಗೂ ಮೊದಲು ಕಂಡವರ ಹೆಸರು ಬರೆಯುವುದು ಮ್ಯೂಸಿಯಂನವರ ಕ್ರಮ. ಅವಳು ಬರೆದಳು: ರಾಸ್ಮಿ, ೧೯೭೯.

"ನನ್ನ ಹೆಸರು ಬೇಡ," ಎಂದೆ. "ನಾನು ಓಡಿಹೋದವನು."

"ಕಲ್ಲು ಇಟ್ಟು ಓಡಿಹೋದೆ," ಎಂದಳು ಆಂಡ್ರೀನಾ. "ಸುತ್ತ ಇದ್ದ ಮರವನ್ನೆಲ್ಲ ಹುಳ ತಿಂದು ಹಾಕಿದೆ. ಕಲ್ಲಿನಡಿ ಇದ್ದದ್ದಕ್ಕೆ ಇದೊಂದು ಉಳಿದಿದೆ. ಕಲ್ಲು ಮತ್ತೆ ಅಲ್ಲೇ ಇಟ್ಟು ಬಂದಿದೀನಿ. ಲಂಗರು ಎತ್ತು, ಚಳಿಯಾಗ್ತಿದೆ ನನಗೆ."