ಸೋಸಕ್ಕನ ನಾಲ್ಕು ಕ್ಯಾನುಗಳು

ಸಂಶೋಧನಾಲಯದಲ್ಲಿ ಆಕೆಯ ನಿಜವಾದ ಹೆಸರನ್ನು ಸಂಬಳದ ಚೀಟಿಯೊಂದೇ ನೆನಪಿಟ್ಟುಕೊಂಡಿತ್ತು. ಉಳಿದವರಿಗೆಲ್ಲ ಆಕೆ ಸೋಸಕ್ಕ. ಇಪ್ಪತ್ತೆರಡು ವರ್ಷಗಳಿಂದ ಆಕೆ ಮಾಡುತ್ತಿದ್ದುದು ಒಂದೇ ಕೆಲಸ: ಯಾರೋ ಎಲ್ಲಿಂದಲೋ ತುಂಬಿ ತಂದ ಕಡಲ ನೀರನ್ನು ಸೋಸುವುದು. ನೆಲಮಾಳಿಗೆಯ ಆ ಕೋಣೆಗೆ ಕಿಟಕಿ ಇರಲಿಲ್ಲ. ಉದ್ದನೆಯ ಕಲ್ಲಿನ ಮೇಜು, ಅದರ ಮೇಲೆ ಸಾಲಾಗಿ ಆರು ಆಲಿಕೆಗಳು, ಕೆಳಗೆ ಗೊರಗೊರ ಎನ್ನುವ ಹಳೆಯ ಪಂಪು. ಪಂಪಿನ ಸದ್ದು ಕೊಂಚ ಇಳಿದರೂ ಆಕೆ ಪಕ್ಕದ ಕೋಣೆಯಿಂದ ಎದ್ದು ಬರುತ್ತಿದ್ದಳು.

ಆಕೆಯ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹೆಂಡತಿಯ ಕೆಲಸದ ಬಗ್ಗೆ ಅವನಿಗೆ ಕುತೂಹಲವೂ ಇತ್ತು, ಅದನ್ನು ಒಪ್ಪಿಕೊಳ್ಳದ ಬಿಗುಮಾನವೂ ಇತ್ತು.

"ನೀರು ಸೋಸೋದಕ್ಕೆ ಕಡಲೇ ಬೇಕಿತ್ತೇನೇ? ಮನೇಲಿ ಕಾಫಿ ಸೋಸಿದರೆ ಸಾಲದಾ?" ಎಂದು ಅವನು ಒಮ್ಮೆ ಕೆಣಕಿದ್ದ.

"ಕಾಫೀಲಿ ಯುರೇನಿಯಂ ಇರಲ್ಲ ರೀ" ಎಂದು ಆಕೆ ಕುಳಿತೇಬಿಟ್ಟಳು. "ಕಡಲ ನೀರಲ್ಲಿ ಅದು ಉಪ್ಪಿನ ಥರ ಕರಗಿ ತನ್ನ ಪಾಡಿಗೆ ತಾನಿರುತ್ತೆ. ಉಪ್ಪೆಷ್ಟಿದೆ ಅಂತ ಗೊತ್ತಾದರೆ ಅದೆಷ್ಟಿದೆ ಅಂತಲೂ ಹೇಳಬಹುದು. ಅದರ ಹೊಟ್ಟೇಲಿ ಹುಟ್ಟೋ ಥೋರಿಯಂ ಮಾತ್ರ ಗೋಂದಿನ ಗಿರಾಕಿ. ಸಿಕ್ಕಿದ ಕಸಕ್ಕೆಲ್ಲ ಅಂಟಿಕೊಳ್ಳುತ್ತೆ."

"ನಡುಗಡಲಲ್ಲಿ ಕಸ ಎಲ್ಲಿಂದ ಬರುತ್ತೆ?"

"ಸತ್ತ ಪಾಚಿ, ಸಣ್ಣ ಸಣ್ಣ ಹುಳಗಳ ಹಿಕ್ಕೆ. ಗಾಳಿಯಿಂದ ನೀರಿಗೆ ಬಂದ ಇಂಗಾಲ ತಿಂದು ಬೆಳೆದದ್ದು ಅದೆಲ್ಲ. ಅದು ಮುಳುಗುವಾಗ ಥೋರಿಯಂ ಕೂಡ ಅದರ ಬೆನ್ನು ಹತ್ತಿ ಇಳಿದುಬಿಡುತ್ತೆ. ಮೇಲಿನ ನೀರಲ್ಲಿ ಯುರೇನಿಯಂ ಲೆಕ್ಕದ ಪ್ರಕಾರ ನೂರಿರಬೇಕಾದ ಕಡೆ ಅರವತ್ತೇ ಇದ್ದರೆ ಉಳಿದ ನಲವತ್ತು ಕೆಳಗೆ ಹೋಯಿತು ಅಂತ. ಅದರಿಂದ ಇಂಗಾಲ ಎಷ್ಟು ಹೋಯಿತು ಅಂತ ಲೆಕ್ಕ ಹಾಕ್ತಾರೆ."

ದರ್ಜಿ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದ. "ಅಂದರೆ ಮುಳುಗಿದ್ದನ್ನ ನೀವು ಯಾರೂ ನೋಡೋದಿಲ್ಲ. ಉಳಿದಿದ್ದನ್ನ ನೋಡಿ ಹೇಳ್ತೀರಿ."

"ಹೂಂ."

"ನಮ್ಮ ಕಡೇನೂ ಹಾಗೇ. ಬಟ್ಟೆ ಕಡಿಮೆ ಬಿದ್ದರೆ, ನೆನೆಸಿದಾಗ ಕುಗ್ಗಿತು ಅಂತ ನಾನು ಹೇಳ್ತೀನಿ. ಗಿರಾಕಿ ಮೊದಲು ನನ್ನ ಕತ್ತರಿ ನೋಡ್ತಾನೆ."

ಈ ಮಾತಿಗೆ ಇಬ್ಬರೂ ನಕ್ಕಿದ್ದರು. ನಗುವುದಕ್ಕೆ ಆಗ ಅಡ್ಡಿಯೇನೂ ಇರಲಿಲ್ಲ.

ಇಷ್ಟು ವರ್ಷ ಕಡಲ ನೀರನ್ನು ಕೈಯಲ್ಲಿ ಹಿಡಿದವಳು ಕಡಲನ್ನು ಕಂಡಿದ್ದು ದಡದಿಂದ ಮಾತ್ರ. ಐವತ್ತೆರಡನೆಯ ವಯಸ್ಸಿನಲ್ಲಿ, ಹಡಗಿನಲ್ಲಿ ಸೋಸಬೇಕಾದವನು ಕಾಲು ಮುರಿದುಕೊಂಡು ಮಲಗಿದ್ದರಿಂದ, ಆಕೆಗೆ ಹಡಗು ಹತ್ತುವ ಅವಕಾಶ ಸಿಕ್ಕಿತು. ಮೊದಲ ದಿನ ನೂರು ಮೀಟರ್ ಆಳದಿಂದ ಎತ್ತಿದ ನೀರು ಕ್ಯಾನು ತುಂಬಿದಾಗ ಆಕೆ ಅದರ ಮೈಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತಿದ್ದಳಂತೆ. ನೀರು ಕೊರೆಯುತ್ತಿತ್ತು. ನೆಲಮಾಳಿಗೆಗೆ ಬರುತ್ತಿದ್ದ ನೀರೆಲ್ಲ ಒಂದೇ ಬಿಸುಪಿನದು. ಆಳಕ್ಕಿಳಿದಷ್ಟೂ ತಣ್ಣಗಿರುತ್ತದೆಂದು ಪಟ್ಟಿಗಳಲ್ಲಿ ಓದಿದ್ದಳೇ ಹೊರತು ಚರ್ಮಕ್ಕೆ ತಿಳಿದಿರಲಿಲ್ಲ. ಇಪ್ಪತ್ತೆರಡು ದಿನ ಮುಗಿಸಿ ದಡಕ್ಕಿಳಿದಾಗ ಆಕೆಗೆ ಬೇಕಾಗಿದ್ದುದು ಒಂದೇ: ಮೂರು ತಿಂಗಳ ಮೇಲೆ ಹೊರಡಲಿದ್ದ, ಇನ್ನೂ ದೂರದ, ಇನ್ನೂ ತಣ್ಣನೆಯ ನೀರಿನ ಯಾನದಲ್ಲಿ ಒಂದು ಜಾಗ. ಆ ಹಡಗಿನಲ್ಲಿ ಸೋಸುವವರಿಗೆ ಇದ್ದುದು ಒಂದೇ ಹಾಸಿಗೆ. ವಿಭಾಗದ ಮುಖ್ಯಸ್ಥೆ ಕರಡುಪಟ್ಟಿಯಲ್ಲಿ ಪೆನ್ಸಿಲಿನಿಂದ ಆಕೆಯ ಹೆಸರು ಬರೆದಿದ್ದರು. ಪೆನ್ಸಿಲನ್ನು ಅಳಿಸಬಹುದೆಂಬುದು ಇಬ್ಬರಿಗೂ ಗೊತ್ತಿತ್ತು.

ಸೋಸುವುದೆಂದರೆ ನೀರು ಸುರಿದು ಕೂರುವುದಲ್ಲ. ನಾಲ್ಕು ಲೀಟರಿನ ಪ್ರತಿ ಕ್ಯಾನಿಗೂ ಮೊದಲು ಆಮ್ಲ ಹಾಕಿ, ಎಷ್ಟೆಂದು ತೂಗಿಟ್ಟ ಇನ್ನೊಂದು ಬಗೆಯ ಥೋರಿಯಮ್ಮನ್ನು ಗುರುತಿಗೆಂದು ಬೆರೆಸಬೇಕು. ಆಮೇಲೆ ಅಮೋನಿಯಾ, ಮ್ಯಾಂಗನೀಸಿನ ಲವಣ, ಪರ್ಮ್ಯಾಂಗನೇಟು. ನೀರಿನಲ್ಲಿ ಕಂದು ಬಣ್ಣದ ನವಿರಾದ ಗಸಿ ಹುಟ್ಟುತ್ತದೆ. ಥೋರಿಯಂ ಬಂದು ಅದಕ್ಕೆ ಅಂಟುತ್ತದೆ. ಎಂಟು ಗಂಟೆ ಕಾದು, ಗಸಿ ಗಟ್ಟಿಯಾದ ಮೇಲೆ ಸೋಸಿದರೆ ಉಗುರಗಲದ ಸೋಸುಬಿಲ್ಲೆಯ ಮೇಲೆ ಅದೆಲ್ಲ ಸೇರುತ್ತದೆ. ಆ ಬಿಲ್ಲೆಯನ್ನು ಯಂತ್ರದಲ್ಲಿಟ್ಟು ವಿಕಿರಣ ಎಣಿಸುತ್ತಾರೆ. ಕಡಲಿನ ಥೋರಿಯಂ ಇಪ್ಪತ್ತನಾಲ್ಕು ದಿನಕ್ಕೆ ಅರ್ಧದಷ್ಟು ಕ್ಷಯಿಸಿಹೋಗುವ ವಸ್ತುವಾದ್ದರಿಂದ ಮೊದಲ ಎಣಿಕೆಗೆ ಅವಸರ. ಎರಡನೆಯ ಎಣಿಕೆ ಐದು ತಿಂಗಳ ಮೇಲೆ, ಅದೆಲ್ಲ ಕ್ಷಯಿಸಿದ ಮೇಲೂ ಉಳಿಯುವ ಬೇರೆ ವಿಕಿರಣವನ್ನು ಲೆಕ್ಕದಿಂದ ಕಳೆಯಲು. ಗುರುತಿನ ಥೋರಿಯಂ ಎಷ್ಟು ಉಳಿದಿದೆ, ಅಂದರೆ ಸೋಸುವವರ ಕೈಯಲ್ಲಿ ಎಷ್ಟು ಸೋರಿತು ಎಂದು ಬಿಲ್ಲೆಯನ್ನು ಕರಗಿಸಿ ನೋಡುವುದು ಅದೂ ಆದ ನಂತರ. ಸೋರಿಕೆಯ ವಿಚಾರಣೆ ಎಲ್ಲಕ್ಕಿಂತ ಕೊನೆಗೆ ಬರುವ ಈ ಕ್ರಮ ನನಗೆ ಎಂದೂ ಪೂರ್ತಿ ಹಿಡಿಸಿದ್ದಿಲ್ಲ. ಅದಕ್ಕೆ ಕಾರಣಗಳುಂಟು, ಒಪ್ಪುತ್ತೇನೆ.

ಮೊದಲ ಎಣಿಕೆಯ ಅಂಕಿಗಳು ಬಂದ ದಿನ ಮುಖ್ಯಸ್ಥೆ ತಾವೇ ನೆಲಮಾಳಿಗೆಗೆ ಇಳಿದು ಬಂದರು. ಕೈಯಲ್ಲಿ, ಹಡಗು ನಿಂತು ನೀರೆತ್ತಿದ ಪ್ರತಿ ನಿಲ್ದಾಣಕ್ಕೂ ಆಳದ ಪ್ರಕಾರ ಚುಕ್ಕೆ ಇಟ್ಟು ನಕ್ಷೆ ಬಿಡಿಸಿದ ಹಾಳೆ.

"ನೋಡಿ ಸೋಸಕ್ಕ, ಹದಿನಾಲ್ಕನೇ ನಿಲ್ದಾಣ. ನೂರಕ್ಕೆ ಎಪ್ಪತ್ತು. ಮೂವತ್ತು ಪಾಲು ಇಳಿದುಹೋಗಿದೆ. ಆ ಭಾಗದಲ್ಲಿ ಇಷ್ಟು ಇಂಗಾಲ ಮುಳುಗುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ."

"ಈ ಒಂದು ಚುಕ್ಕೆ ಸಾಲು ಬಿಟ್ಟಿದೆಯಲ್ಲ ಮೇಡಂ."

"ನೂರು ಮೀಟರಿನದು. ಎಂಬತ್ತಾರು ಬಂದಿದೆ. ಅದು ಕೆಟ್ಟಿರಬೇಕು, ಅದರ ಮೇಲಿನ ಎರಡೂ ಕೆಳಗಿನ ಒಂದೂ ಎಪ್ಪತ್ತೇ ಹೇಳ್ತಿವೆ." ಅವರು ಆ ಚುಕ್ಕೆಗೆ ಸುತ್ತು ಹಾಕಿ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಬರೆದರು. "ಹತ್ತು ದಿನಕ್ಕೆ ಸಮ್ಮೇಳನ. ಇದನ್ನೇ ಹೇಳ್ತೀನಿ."

ಮರುದಿನ ಸೋಸಕ್ಕ ಹಡಗಿನಿಂದ ಬಂದಿದ್ದ ಖಾಲಿ ಕ್ಯಾನುಗಳ ಪೆಟ್ಟಿಗೆಗಳನ್ನು ತೊಳೆಯಲು ತೆರೆದಳು. ಹದಿನಾಲ್ಕನೇ ನಿಲ್ದಾಣದ ಪೆಟ್ಟಿಗೆಯಲ್ಲಿ ನಾಲ್ಕು ಕ್ಯಾನುಗಳಿದ್ದವು. ಮೂರರ ಒಳಗೋಡೆಯಲ್ಲಿ, ಭುಜದ ತಿರುವಿನಲ್ಲಿ, ಚಹಾದ ಕಲೆಯಂಥ ಕಂದು ಪೊರೆ. ನಾಲ್ಕನೆಯದು ಸ್ವಚ್ಛ. ಅದರ ಚೀಟಿಯಲ್ಲಿ ನೂರು ಮೀಟರ್ ಎಂದಿತ್ತು.

ಆಕೆ ಕೈಚೀಲದಿಂದ ತನ್ನ ಸ್ವಂತದ ಚಿಕ್ಕ ಪುಸ್ತಕ ತೆಗೆದಳು. ಕಚೇರಿಯ ನಮೂನೆಯಲ್ಲಿ ಸೋಸಿದ ತಾರೀಖಿಗಷ್ಟೇ ಜಾಗ. ಹೊತ್ತನ್ನು ಬರೆದಿಡುವುದು ಆಕೆಯ ಖಾಸಗಿ ಚಟ. ಹದಿನಾಲ್ಕನೇ ನಿಲ್ದಾಣದ ದಿನ ಬೆಳಗಿನ ಆರಕ್ಕೆ ಗಸಿ ಹಾಕಿದ್ದಳು. ಗಾಳಿ ಏರುತ್ತಿದೆ, ಹತ್ತರೊಳಗೆ ಬಿಡಿ ಸಾಮಾನನ್ನೆಲ್ಲ ಕಟ್ಟಿಬಿಡಿ ಎಂದು ಹಡಗಿನವರು ಹೇಳಿ ಹೋದರು. ತುಂಬಿದ ಕ್ಯಾನು ಉರುಳಿ ಒಡೆದರೆ ಎಲ್ಲವೂ ಹೋಯಿತು ಎಂದು ಹೆದರಿ ಮೂರನ್ನು ಒಂಬತ್ತಕ್ಕೇ ಸೋಸಿಬಿಟ್ಟಿದ್ದಳು. ನಾಲ್ಕನೆಯದರ ಮುಚ್ಚಳ ಸಿಕ್ಕಿಕೊಂಡಿತ್ತು. ಬಿಚ್ಚಲಾಗದೆ ಕ್ಯಾನನ್ನು ಗೂಟಕ್ಕೆ ಕಟ್ಟಿ, ಗಾಳಿ ಇಳಿದ ಮೇಲೆ ಮಧ್ಯಾಹ್ನ ಎರಡೂವರೆಗೆ ಸೋಸಿದ್ದಳು.

ಮೂರು ಗಂಟೆಯ ಎಳೆ ಗಸಿ ಬಿಲ್ಲೆಗೆ ಬರುವ ಬದಲು ಪ್ಲಾಸ್ಟಿಕ್ಕಿನ ಗೋಡೆ ಹಿಡಿದಿತ್ತು. ಅದರ ಜೊತೆಗೆ ಥೋರಿಯಮ್ಮೂ. ಕಡಲಾಳಕ್ಕೆ ಇಳಿಯಿತೆಂದು ಮೇಲಿನ ಮಹಡಿಯಲ್ಲಿ ಸಂಭ್ರಮಿಸುತ್ತಿದ್ದುದರಲ್ಲಿ ಒಂದು ಪಾಲು ಆಕೆಯ ಮೇಜಿನ ಮೇಲೇ ಇತ್ತು. ಎಷ್ಟು ಪಾಲು ಎಂಬುದು ಮಾತ್ರ ತಿಳಿಯದು.

ಖಾಲಿ ಕ್ಯಾನನ್ನು ಆಮ್ಲದಲ್ಲಿ ತೊಳೆಯುವುದು ದಿನನಿತ್ಯದ ಕೆಲಸ. ತೊಳೆದರೆ ಯಾರೂ ಕೇಳುವವರಿಲ್ಲ. ಐದು ತಿಂಗಳ ಮೇಲೆ ಬಿಲ್ಲೆ ಕರಗಿಸಿದಾಗ ಸತ್ಯ ಹೇಗೂ ಹೊರಬೀಳುತ್ತಿತ್ತು. ಅಷ್ಟರಲ್ಲಿ ಸಮ್ಮೇಳನ ಮುಗಿದಿರುತ್ತಿತ್ತು, ಹಡಗು ಹೋಗಿ ಬಂದಿರುತ್ತಿತ್ತು, ಅದರಲ್ಲಿ ಆಕೆಯೂ. ಸೋಸಕ್ಕ ನಾಲ್ಕೂ ಕ್ಯಾನುಗಳಿಗೆ ಮುಚ್ಚಳ ಹಾಕಿ, ತೊಳೆಯದೆ, ಮನೆಗೆ ಹೋದಳು.

"ಏನೇ, ಮುಖ ಒಗೆದು ಹಿಂಡಿದ ಬಟ್ಟೆ ಥರ ಇದೆ" ಎಂದ ದರ್ಜಿ.

ಆಕೆ ಎಲ್ಲವನ್ನೂ ಹೇಳಿದಳು. ಅವನು ಗುಂಡಿ ಹೊಲಿಯುವುದನ್ನು ನಿಲ್ಲಿಸಲಿಲ್ಲ.

"ಹೇಳಿದರೆ ಹಾಸಿಗೆ ಹೋಗುತ್ತೆ ಅಂತಲಾ ಭಯ?"

"ಅದೊಂದು. ಇನ್ನೊಂದು, ಆ ಪೊರೇಲಿ ಎಷ್ಟಿದೆ ಅಂತ ತಿಳೀಬೇಕು ಅಂತ ಪ್ರಾಣ ಹೋಗ್ತಿದೆ. ಅಳೆಯೋ ಯಂತ್ರ ಮೇಡಂ ಕೈಲಿದೆ."

"ಹಾಗಾದರೆ ಬಾಯಿ ಬಿಡದೆ ನಿನಗೆ ನಿದ್ದೆ ಬರಲ್ಲ. ನಿದ್ದೆಗೆಟ್ಟವಳನ್ನ ಕಟ್ಟಿಕೊಂಡು ನಾನು ಏಗಲಾರೆ. ಬೆಳಗ್ಗೆ ಹೋಗಿ ಹೇಳಿಬಿಡು."

ಮುಖ್ಯಸ್ಥೆ ಆ ಪುಟ್ಟ ಪುಸ್ತಕದ ಹಾಳೆಯನ್ನು ಎರಡು ಸಲ ಓದಿದರು. ಕಿಟಕಿಯತ್ತ ತಿರುಗಿ ಕೂತರು.

"ಇಪ್ಪತ್ತೆರಡು ವರ್ಷದಿಂದ ಹೊಸಬರಿಗೆಲ್ಲ ಎಂಟು ಗಂಟೆ ಕಾಯಿರಿ ಅಂತ ಪಾಠ ಹೇಳಿದೋರು ನೀವು."

"ಹೌದು ಮೇಡಂ. ಪಾಠ ಹೇಳಿದ್ದು ಅಲ್ಲಾಡದ ನೆಲದ ಮೇಲೆ."

"ಅವತ್ತೇ ಯಾಕೆ ಹೇಳಲಿಲ್ಲ?"

"ಸೋಸಿದ ನೀರು ತಿಳಿಯಾಗೇ ಕಂಡಿತು. ಗೋಡೆ ಕಡೆ ನೋಡಬೇಕು ಅಂತ ಹೊಳೀಲಿಲ್ಲ." ಆಕೆ ಸೇರಿಸಿದಳು: "ಯಾನದ ಪಟ್ಟಿ ನಿಮಗೆ ಸರಿ ಕಂಡ ಹಾಗೆ ಮಾಡಿ. ಕ್ಯಾನುಗಳನ್ನ ಮಾತ್ರ ಅಳೆಸಿಬಿಡಿ."

ನಾಲ್ಕೂ ಕ್ಯಾನುಗಳ ಒಳಗೋಡೆಯನ್ನು ಸ್ವಲ್ಪ ಆಮ್ಲದಲ್ಲಿ ತೊಳೆದು, ಆ ತೊಳೆದ ನೀರನ್ನು ಮೂರನೇ ಮಹಡಿಯ ಯಂತ್ರಕ್ಕೆ ಕೊಟ್ಟರು. ಹುಡುಕಬೇಕಾಗಿದ್ದುದು ಗುರುತಿನ ಥೋರಿಯಮ್ಮನ್ನು. ಅದು ಸಾವಿರಾರು ವರ್ಷ ಬಾಳುವಂಥದು, ಈ ಐದಾರು ವಾರಗಳಲ್ಲಿ ಕುಂದಿರಲಿಲ್ಲ. ಬೆರೆಸಿದ್ದರಲ್ಲಿ ಎಷ್ಟು ಪಾಲು ಗೋಡೆಯಲ್ಲಿ ಸಿಗುತ್ತದೋ ಕಡಲಿನ ಥೋರಿಯಮ್ಮಿನದೂ ಅಷ್ಟೇ ಪಾಲು ಅಲ್ಲಿ ಉಳಿದಿತ್ತೆಂದು ಅರ್ಥ. ಯಂತ್ರ ನೋಡಿಕೊಳ್ಳುವವನನ್ನು ಎಲ್ಲರೂ ಮಿಲಿಗ್ರಾಂ ಎಂದು ಕರೆಯುತ್ತಿದ್ದರು. ಮಾತನ್ನೂ ಅವನು ಆ ಅಳತೆಯಲ್ಲೇ ಕೊಡುತ್ತಿದ್ದ. ಮೂರು ದಿನದ ಮೇಲೆ ಚೀಟಿಯೊಂದನ್ನು ಚಾಚಿದ.

ಮೂರು ಕ್ಯಾನುಗಳಲ್ಲಿ ಐದನೆಯ ಒಂದು ಪಾಲು. ನಾಲ್ಕನೆಯದರಲ್ಲಿ ಇಲ್ಲವೆನ್ನುವಷ್ಟು.

"ಎಪ್ಪತ್ತನ್ನ ಸರಿಪಡಿಸಿದರೆ?" ಎಂದಳು ಸೋಸಕ್ಕ.

ಮುಖ್ಯಸ್ಥೆ ಚೀಟಿಯ ಹಿಂದೆ ಗುಣಿಸಿ ಭಾಗಿಸಿದರು. "ಎಂಬತ್ತೇಳೂವರೆ."

ಇಬ್ಬರೂ ನಕ್ಷೆಯ ಕಡೆ ನೋಡಿದರು. ಸುತ್ತು ಹಾಕಿ ಪ್ರಶ್ನೆಚಿಹ್ನೆ ಬರೆದಿದ್ದ ಎಂಬತ್ತಾರು ಒಂದೇ ಸರಿಯಾದ ಚುಕ್ಕೆಯಾಗಿತ್ತು. ಮೂರು ಮಂದಿ ಒಂದೇ ಸುಳ್ಳು ಹೇಳಿದರೆ ನಾಲ್ಕನೆಯವನ ನಿಜ ಕೆಟ್ಟದ್ದಾಗಿ ಕಾಣುತ್ತದೆ. ಬಹುಮತ ಅಳತೆಯಲ್ಲ ಎಂದು ಪುಸ್ತಕಗಳಲ್ಲಿ ಎಷ್ಟು ಸಲ ಓದಿದ್ದರೂ ನಾವೂ ಆ ಜಾಗದಲ್ಲಿ ಅದೇ ಸುತ್ತನ್ನು ಹಾಕುತ್ತಿದ್ದೆವೇನೋ. ಇಂಗಾಲ ಮುಳುಗಿತ್ತು, ಆದರೆ ಅಂದುಕೊಂಡಿದ್ದರ ಅರ್ಧಕ್ಕೂ ಕಡಿಮೆ. ಸಮ್ಮೇಳನದವರಿಗೆ ಮುಖ್ಯಸ್ಥೆ ಅಂದೇ ಪತ್ರ ಬರೆದು ಭಾಷಣದ ಶೀರ್ಷಿಕೆ ಬದಲಿಸಿದರು. ಹೊಸ ಶೀರ್ಷಿಕೆ ಕೇಳಿ ಯಾರೂ ಕುರ್ಚಿಯ ತುದಿಗೆ ಸರಿಯುವಂತಿರಲಿಲ್ಲ.

ಎರಡು ವಾರ ಅವರು ನೆಲಮಾಳಿಗೆಗೆ ಬರಲಿಲ್ಲ. ಪಟ್ಟಿಯ ಮಾತನ್ನು ಸೋಸಕ್ಕನೂ ಎತ್ತಲಿಲ್ಲ. ಆಲಿಕೆಗಳನ್ನು ತೊಳೆದಳು, ಪಂಪಿಗೆ ಎಣ್ಣೆ ಹಾಕಿದಳು. ಸಮ್ಮೇಳನ ಮುಗಿಸಿ ಬಂದ ಮುಖ್ಯಸ್ಥೆ ಆಕೆಯನ್ನು ಮೇಲಕ್ಕೆ ಕರೆಸಿಕೊಂಡರು. ಮೇಜಿನ ಮೇಲೆ ಪಟ್ಟಿ ಇತ್ತು, ಬೆರಳಚ್ಚಾಗಿತ್ತು.

"ಅಲ್ಲಿ ಮೂರು ಜನ ಬಂದು ಕೇಳಿದರು: ಅವಸರದಲ್ಲಿ ಸೋಸಿದರೆ ಎಷ್ಟು ಸೋರುತ್ತೆ, ಅಳೆದಿದ್ದೀರಾ ಅಂತ. ಅವರ ಹಡಗಿಗೂ ಗಾಳಿ ಬೀಸುತ್ತಲ್ಲ. ಒಂದು ಪೆಟ್ಟಿಗೆ ಬಿಟ್ಟರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವೇ ಹೋಗಬೇಕು. ಪ್ರತಿ ನಿಲ್ದಾಣದಲ್ಲೂ ಒಂದೇ ನೀರನ್ನ ಎರಡು ಕ್ಯಾನಲ್ಲಿ ಹಿಡೀರಿ. ಒಂದನ್ನ ಎಂಟು ಗಂಟೆ ಕಾದು ಸೋಸಿ, ಇನ್ನೊಂದನ್ನ ಮೂರೇ ಗಂಟೆ ಕಾದು."

"ತಪ್ಪು ಅಂತ ಗೊತ್ತಿದ್ದೂ ಬೇಕಂತಲೇ ಮಾಡಬೇಕಾ?"

"ಎಷ್ಟು ತಪ್ಪು ಅಂತ ಗೊತ್ತಿಲ್ಲವಲ್ಲ."

ಸೋಸಕ್ಕ ಪಟ್ಟಿಯಲ್ಲಿ ತನ್ನ ಹೆಸರನ್ನು, ನಿಜವಾದ ಹೆಸರನ್ನು, ಬೇರೆ ಯಾರದೋ ಎಂಬಂತೆ ಓದಿದಳು. "ಐದು ಗಂಟೆ ಕಾದೂ ಒಂದು ಸೋಸಿ ನೋಡಲಾ ಮೇಡಂ? ಮೂರಕ್ಕೂ ಎಂಟಕ್ಕೂ ಮಧ್ಯೆ ಏನಾಗುತ್ತೆ ಅಂತ ತಿಳಿಯುತ್ತೆ."

"ಮತ್ತೆ ನಿದ್ದೆ ಯಾವಾಗ ಮಾಡ್ತೀರಿ?"

"ನಿದ್ದೆ ಎಷ್ಟು ಸೋರಿತು ಅಂತಲೂ ಅಳೆದರಾಯಿತು" ಎಂದು ಆಕೆ ಎದ್ದಳು. "ಕ್ಯಾನುಗಳು ಸಾಲಲ್ಲ. ಈಗಲೇ ಹೋಗಿ ಎಷ್ಟಿವೆ ನೋಡ್ತೀನಿ."