ಹೊರಗೆ ಕುಳಿತವಳನ್ನು ಒಳಗೆ ತಂದ ಅಕ್ಕ

ಮೊನ್ನೆ ಬಾಗಿಲ ಚೌಕಟ್ಟು ಸರಿಮಾಡಲು ಬಂದ ಬಡಗಿ ಗರಗಸ ಆಡಿಸಿ ಹೋದ ಮೇಲೆ ಪಡಸಾಲೆಯ ತುಂಬ ಸಾಗವಾನಿ ಪುಡಿಯ ವಾಸನೆ. ಗುಡಿಸಲೆಂದು ಕಸಬರಿಗೆ ಹಿಡಿದವಳು ಹಾಗೇ ಕುಳಿತುಬಿಟ್ಟೆ. ನಾನು ಓದಿದ ಮಳಗಿ ಊರಿನ ಶಾಲೆಯ ಕಬಡ್ಡಿ ಅಂಗಳ... ನಮ್ಮ ಅಕ್ಕ...

ಸ್ವಂತ ಅಕ್ಕನಲ್ಲ, ಪಕ್ಕದ ಮನೆಯವಳು. ನಮ್ಮ ಸಿದ್ದಿ ಕೇರಿಯಲ್ಲಿ ಹತ್ತನೆಯ ತರಗತಿ ಮುಟ್ಟಿದ ಮೊದಲ ಹುಡುಗಿ, ನಮ್ಮ ಕಬಡ್ಡಿ ತಂಡದ ನಾಯಕಿ. ಪಂದ್ಯದ ಹಿಂದಿನ ಸಂಜೆ ಕಟ್ಟಿಗೆ ಮಿಲ್ಲಿನಿಂದ ಪುಡಿ ಹೊತ್ತು ತಂದು ಅಂಗಳಕ್ಕೆ ಹರಡುವುದು ಆಟಗಾರರದೇ ಕೆಲಸ. ಬೀಳಲು ಹೆದರುವವಳ ತಲೆಗೇ ಅಕ್ಕ ದೊಡ್ಡ ಚೀಲ ಹೊರಿಸುತ್ತಿದ್ದಳು. "ನೀನ ಹಾಸಿದ ಹಾಸಿಗಿ, ಬೀಳಾಕ ಯಾಕ ಅಂಜ್ತಿ?" ಅನ್ನುತ್ತಿದ್ದಳು. ಆ ದೊಡ್ಡ ಚೀಲ ಯಾವಾಗಲೂ ನನ್ನದೇ, ಹೇಳಬೇಕೆ!

ಆ ವರ್ಷ ತಾಲೂಕಿನ ಫೈನಲ್ ನಮ್ಮ ಅಂಗಳದಲ್ಲೇ ನಡೆಯಿತು. ಪರೀಕ್ಷೆ ಮುಗಿದರೆ ಅಕ್ಕ ಅವ್ವನ ಜೊತೆ ಕೂಲಿಗೆ ಹೋಗುವುದು ನಿಶ್ಚಯವಾಗಿತ್ತು. ಅವಳ ಪಾಲಿಗೆ ಅದೇ ಕೊನೆಯ ಪಂದ್ಯ. ಕಪ್ಪನ್ನು ಅವಳು ಒಮ್ಮೆಯೂ ಗೆದ್ದಿರಲಿಲ್ಲ. ಆಟ ಮುಗಿಯುತ್ತ ಬಂದಾಗ ಎರಡೂ ಕಡೆ ಅಂಕ ಸಮ. ನಮ್ಮವರೆಲ್ಲ ಔಟಾಗಿ ಅಕ್ಕ ಒಬ್ಬಳೇ ಉಳಿದಿದ್ದಳು, ದಾಳಿಗೆ ಹೋಗುವ ಸರದಿ ಅವಳದು. ಅವಳು ಸಿಕ್ಕಿಬಿದ್ದರೆ ಎಲ್ಲ ಮುಗಿಯಿತು. ಆ ಕಡೆಯ ಒಬ್ಬಳನ್ನು ಮುಟ್ಟಿ ಬಂದರೆ, ನಮ್ಮಲ್ಲಿ ಮೊದಲು ಔಟಾದವಳು ಒಳಗೆ ಬರುತ್ತಾಳೆ. ಆ ಮಹಾರಾಣಿ ನಾನು!

"ಯಾರನ್ನೂ ಮುಟ್ಟಾಕ ಹೋಗಬ್ಯಾಡ, ಗೆರಿ ದಾಟಿ ತಿರುಗಿ ಬಾರವ್ವಾ! ಅಕಿ ಬಂದ್ರ ಏನ್ ಕಡದ ಕಟ್ಟಿ ಹಾಕ್ತಾಳ?" ಎಂದು ಜನ ನನ್ನತ್ತ ಬೆರಳು ತೋರಿಸಿ ಕೂಗಿದರು.

ಅಕ್ಕ ಅಂಗೈಗೆ ಪುಡಿ ತಿಕ್ಕಿಕೊಂಡು ನನ್ನತ್ತ ನೋಡಿದಳು. "ಎದ್ದ ನಿಂದ್ರ. ನಿನ್ನ ಒಳಗ ತರಾಕ ಹೊಂಟೇನಿ."

ಮುಟ್ಟಿಯೇ ಬಂದಳು! ನಾವು ಒಂದು ಅಂಕ ಮುಂದೆ, ಆದರೆ ಒಳಗಿದ್ದವರು ಇಬ್ಬರೇ. ಕೊನೆಯ ದಾಳಿಗೆ ಆ ಕಡೆಯ ಗಟ್ಟಿಮುಟ್ಟಾದ ಹುಡುಗಿ ಬಂದಳು. ಅಕ್ಕ ನನ್ನ ಕೈ ಹಿಡಿದು, "ನೀ ಕಾಲ್ ಹಿಡಿ, ನಾ ನಡಾ ಹಿಡಿತೇನಿ. ದಮ್ ಹೋಗೂತನಕ ಬಿಡಬ್ಯಾಡ" ಅಂದಳು. ಬಿದ್ದೆ ನೋಡಿ! ಬಾಯಿತುಂಬ ಕಟ್ಟಿಗೆ ಪುಡಿ, ಕೈಯಲ್ಲಿ ಆ ಹುಡುಗಿಯ ಕಾಲು. ಸೀಟಿ ಊದುವವರೆಗೂ ಬಿಡಲಿಲ್ಲ. ಕಪ್ ಬಂದಾಗ ಅಕ್ಕ ಅದನ್ನು ಮೊದಲು ನನ್ನ ತಲೆಯ ಮೇಲಿಟ್ಟಳು, ಪುಡಿಯ ಚೀಲ ಇಟ್ಟ ಹಾಗೆ. ಇವತ್ತಿಗೂ ನೆನೆದರೆ ಎದೆ ಉಬ್ಬುತ್ತದೆ.

ಮುಂದೆ ನಾನು ಹತ್ತನೆಯ ತರಗತಿಯಲ್ಲಿ ಫೇಲಾಗಿ ಮೂಲೆ ಹಿಡಿದಾಗ, ಅಕ್ಕ ಕೂಲಿ ಮುಗಿಸಿ ಬಂದವಳೇ ರಟ್ಟೆ ಹಿಡಿದು ಎಬ್ಬಿಸಿದಳು. "ಹೊರಗ ಎಷ್ಟೊತ್ತ ಕುಂಡ್ರತಿ? ಏಳ!" ಎದ್ದೆ, ಮತ್ತೆ ಬರೆದೆ, ಪಾಸಾದೆ. ಈಗ ಹಳಿಯಾಳದ ಕಡೆಯ ಶಾಲೆಯೊಂದರಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತೇನೆ. ಮೊದಲು ಔಟಾದವಳನ್ನು ನನ್ನ ತಂಡದಲ್ಲಿ ಯಾರೂ ಬೈಯುವಂತಿಲ್ಲ.

ಅಕ್ಕ ತೀರಿಕೊಂಡು ಎರಡು ಮಳೆಗಾಲ ಕಳೆದವು. ಜ್ವರ ಅಂದರು... ನಾನು ಹೋಗುವಷ್ಟರಲ್ಲಿ ಮಣ್ಣೂ ಆಗಿತ್ತು.

ಮೊನ್ನೆಯ ಪುಡಿಯನ್ನು ಚೆಲ್ಲಲಿಲ್ಲ. ಶಾಲೆಯ ಅಂಗಳಕ್ಕಾಗುತ್ತದೆಂದು ಚೀಲಕ್ಕೆ ತುಂಬಿದೆ. ಆಟದಲ್ಲಾಗಿದ್ದರೆ ನಾನು ಒಬ್ಬರನ್ನು ಮುಟ್ಟಿ ಬಂದರೆ ಸಾಕಿತ್ತು, ಅಕ್ಕ ಎದ್ದು ಒಳಗೆ ಬರುತ್ತಿದ್ದಳು.