ಎಡಗೈಯಲ್ಲಿ ಸುತ್ತುವ ರೀಲು

ಬರಿಗೈಯಲ್ಲಿ ನೈಲಾನ್ ದಾರ ಹಿಡಿದು ಗಾಳ ಹಾಕುವುದನ್ನು ನಾನು ತವರಿನ ಹೊಳೆಯಲ್ಲೇ ಕಲಿತವಳು. ಪುಣೆಗೆ ಬಂದು ಕೊಂಢವಾದಲ್ಲಿ ಮನೆ ಮಾಡಿದ ಮೇಲೂ ಐತವಾರ ಬಸ್ಸು ಹತ್ತಿ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ದೊಡ್ಡ ಮರಳ್ ಮೀನು ಜಗ್ಗಿ, ದಾರ ಬೆರಳನ್ನು ಎಲುಬಿನ ತನಕ ಕೊಯ್ದಿತು. ಮಗ ಕೂಗಾಡಿದ.

“ಗಾಳದ ಕೋಲು, ದಾರ ಸುತ್ತೂ ರೀಲು ಕೊಡಸ್ತೀನಿ. ಅದರಾಗ ಆತೋ ಆತು, ಇಲ್ಲಾಂದ್ರ ನೀರಿನ ಕಡೆ ಹೋಗೂದು ಬಂದ್, ಅವ್ವಾ.”

ನಾನೇ ಹೆತ್ತವನು ನನಗೇ ಹಾಕಿದ ಶರತ್ತು!

ಅಂಗಡಿಯವ ನಮ್ಮ ಬೆಳಗಾವಿ ಕಡೆಯವನೇ. ನನ್ನ ಮುಖ ನೋಡದೆ ಮಗನ ಜೊತೆಗೇ ಮಾತು. ಬಂಗಾರದ ಬಣ್ಣದ, ಸೇರುಗಲ್ಲಿನಂಥ ರೀಲು ತೆಗೆದ.

“ಇದ ತಗೋರಿ ಸಾಹೇಬ್ರ. ಹಿಡಿಕಿ ಬಲಗಡೆ ಹಾಕೀನಿ. ಉಣ್ಣೂ ಮೀನು, ಎಡಗೈಲೆ ಯಾರ ಸುತ್ತತಾರ್ರೀ?”

“ಗಾಳ ಒಗಿಯೂದು ಬಲಗೈಲೆ, ಸುತ್ತೂದೂ ಬಲಗೈಲೆ. ಹಂಗಾರ ಕೋಲು ಯಾರ ಹಿಡೀಬೇಕು, ನಿಮ್ಮಪ್ಪ?” ಎಂದೆ.

“ಅವ್ವಾ, ಸುಮ್ನಿರು!” ಮಗ ಅದನ್ನೇ ಕಟ್ಟಿಸಿಕೊಂಡ.

ಮುಂದಿನ ಐತವಾರ ಅವನೂ ಬಂದ, ಪರೀಕ್ಷೆ ಮಾಡಲು. ಗಾಳ ಎಸೆದು, ಕೋಲನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಹಿಡಿಕೆ ಹುಡುಕುವಷ್ಟರಲ್ಲಿ ಮರಳ್ ಗಾಳ ನುಂಗಿ ಜೊಂಡಿನೊಳಗೆ ನುಗ್ಗಿತು. ಮೀನು ಜಗ್ಗಿದಷ್ಟು ರೀಲು ದಾರ ಬಿಡಬೇಕು, ಬಿಡಲಿಲ್ಲ. ದಾರ ತಟ್ ಎಂದು ಹರಿಯಿತು.

“ಸಾಕ್ ಬಿಡು, ಅವ್ವಾ. ಇನ್ನ ಮನ್ಯಾಗ ಕೂಡು.”

ಬಾಯಲ್ಲಿ ಗಾಳ ಸಿಕ್ಕಿಸಿಕೊಂಡು ಒಂದು ಜೀವ ಒಳಗೆ ಒದ್ದಾಡುತ್ತಿದೆ, ಇವನಿಗೆ ತನ್ನ ಮಾತೇ ಗೆದ್ದಿತೆಂಬ ಸಂತೋಷ. ಆ ದಿನ ಮನೆಯಲ್ಲಿ ಉಣ್ಣಲಿಲ್ಲ ನಾನು.

ಮರುದಿನ ಒಬ್ಬಳೇ ಅಂಗಡಿಗೆ ಹೋಗಿ ಆ ರೀಲನ್ನು ಗಾಜಿನ ಕಟ್ಟೆಯ ಮೇಲೆ ಕುಕ್ಕಿದೆ. ಕಲಿಯುವವರಿಗೆಂದು ಮೂಲೆಯಲ್ಲಿಟ್ಟಿದ್ದ ಸಣ್ಣ ಕರಿ ರೀಲು ಕೇಳಿದೆ. ಅದರ ಹಿಡಿಕೆ ಎಡಗಡೆ ಇತ್ತು.

“ಹಿಡಿಕಿ ಯಾವ ಕಡೆ ಬೇಕಾದ್ರೂ ಹಾಕಬಹುದ್ರಿ, ಎಲ್ಲಾ ರೀಲಿಗೂ,” ಎಂದ, ತಣ್ಣಗೆ.

“ಮತ್ತ ಅವತ್ತ ನಾಲಿಗಿ ಎಲ್ಲಿ ಇಟ್ಟಿದ್ದಿ?”

ಕೋಲಿಗೆ ರೀಲು ಕಟ್ಟಿಸಿ, ದಾರದ ತುದಿಯನ್ನು ಅವನ ಕೈಗೇ ಕೊಟ್ಟೆ. “ನೀನ ಮೀನು ಆಗು. ಜಗ್ಗು.” ಗಿರಾಕಿಗಳು ನಗುತ್ತಿದ್ದರು. ಅವನು ಬಾಗಿಲ ತನಕ ಜಗ್ಗುತ್ತಾ ಹಿಂದೆ ಸರಿದ. ಸಣ್ಣ ರೀಲು ಬೆಣ್ಣೆಯಂತೆ ದಾರ ಬಿಟ್ಟಿತು. ಬಂಗಾರದ್ದನ್ನೂ ಕಟ್ಟಿಸಿದೆ. ಅದು ಬಿಗಿದು, ಬಿಟ್ಟು, ಬಿಗಿದು, ಅವನ ಬೆರಳು ಕೆಂಪಾಗುವಂತೆ ಕಚ್ಚಿತು.

“ಹಾ, ಬಿಡ್ರಿ ಯವ್ವಾ!”

“ನಿನಗ ಬಾಯಿ ಅದ, ಬಿಡ್ರಿ ಅಂದಿ. ಮೀನು ಏನ್ ಅನಬೇಕು?”

ಬಳಸಿದ್ದನ್ನು ವಾಪಸ್ ತಗೊಳ್ಳುವುದಿಲ್ಲ ಎಂದು ಗೊಣಗಿದ. ಗಿರಾಕಿಗಳ ದಾರಿಗೆ ಅಡ್ಡ ಸ್ಟೂಲು ಎಳೆದು ಕೂತೆ. ಬದಲಿಸಿ ಕೊಟ್ಟ.

ಐತವಾರ ಮಧ್ಯಾಹ್ನಕ್ಕೆ ಎರಡು ಮರಳ್ ತಂದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟೆ. ಮಗ ನೋಡಿ, “ಅಂದ್ರ ಇನ್ನ ಮುಂದೂ ಹೋಗ್ತಿ ಅಂದಂಗಾತು,” ಎಂದ.

“ಹೋಗೂದು ಬಿಡೂದು ನಂದು. ನೀ ಮೀನಿನ ಹುರುಪೆ ತೆಗಿ,” ಎಂದು ಚಾಕು ಅವನ ಮುಂದೆ ಸರಿಸಿದೆ.